ಸ್ಟೇನ್‌ಲೆಸ್ ಸ್ಟೀಲ್: ಯಾವ ಕೆಲಸಕ್ಕೆ ಯಾವ ಗ್ರೇಡ್, ಖರ್ಚು ಉಳಿಯುವುದೆಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೇಡ್ ಆರಿಸುವ ಮೊದಲು ಯಾವ ಮಾಹಿತಿ ಕೈಯಲ್ಲಿರಬೇಕು?

ಬೆಲೆಪಟ್ಟಿ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ಲೋಹಕ್ಕೆ ತಾಗುವ ನೀರಿನಲ್ಲಿ ಅಥವಾ ದ್ರವದಲ್ಲಿ ಕ್ಲೋರೈಡ್ (ಉಪ್ಪಿನಂಶ) ಎಷ್ಟಿದೆ, ಪಿಎಚ್ ಎಷ್ಟು, ತಾಪಮಾನ ಎಷ್ಟಕ್ಕೆ ಏರುತ್ತದೆ ಮತ್ತು ಎಷ್ಟಕ್ಕೆ ಇಳಿಯುತ್ತದೆ, ಆ ಮೇಲ್ಮೈಯನ್ನು ಮಳೆ ತೊಳೆಯುತ್ತದೆಯೇ, ಎಷ್ಟು ದಪ್ಪದ ತುಂಡುಗಳನ್ನು ವೆಲ್ಡ್ ಮಾಡಬೇಕು, ಅದು ಭಾರ ಹೊರುವ ಭಾಗವೋ ಬರೀ ಹೊದಿಕೆಯೋ, ಕಣ್ಣಿಗೆ ಕಾಣುವ ಜಾಗವೋ ಅಲ್ಲವೋ. ಇವುಗಳಲ್ಲಿ ಕ್ಲೋರೈಡ್ ಮತ್ತು ತಾಪಮಾನ ಎರಡೇ ಮುಕ್ಕಾಲು ಪಾಲು ತೀರ್ಮಾನ ಮಾಡಿಬಿಡುತ್ತವೆ.

ಕಾರಣ ಸರಳ. ಉಕ್ಕಿನಲ್ಲಿ ಕನಿಷ್ಠ 10.5% ಕ್ರೋಮಿಯಂ ಇದ್ದರೆ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪದರ ತಾನಾಗಿ ಕೂರುತ್ತದೆ. ಗೀರಿದರೆ, ಗಾಳಿ ತಾಗಿದ ಕೂಡಲೇ ಮತ್ತೆ ಬೆಳೆಯುತ್ತದೆ. ಕ್ಲೋರೈಡ್ ಆ ಪದರವನ್ನು ಎಲ್ಲೆಡೆ ಸಮನಾಗಿ ಸವೆಸುವುದಿಲ್ಲ, ಅಲ್ಲೊಂದು ಇಲ್ಲೊಂದು ಚುಕ್ಕಿಯಲ್ಲಿ ಒಡೆಯುತ್ತದೆ. ಒಡೆದ ಜಾಗದಲ್ಲಿ ಕುಳಿ ಬಿದ್ದು ಆಳಕ್ಕೆ ಇಳಿಯುತ್ತದೆ. ಹೊರಗಿನಿಂದ ಹೊಳೆಯುತ್ತಿರುವ 2 ಮಿ.ಮೀ. ಶೀಟು ಒಂದು ದಿನ ಇದ್ದಕ್ಕಿದ್ದಂತೆ ಸೋರುವುದು ಹೀಗೆ. ಇಲ್ಲಿ ದಪ್ಪ ಹೆಚ್ಚಿಸಿ ಪ್ರಯೋಜನವಿಲ್ಲ, ಗ್ರೇಡನ್ನೇ ಬದಲಿಸಬೇಕು.

ಎಲ್ಲದಕ್ಕೂ 304 ಗ್ರೇಡ್ ಸಾಲದೇ?

ಬಹಳಷ್ಟು ಕೆಲಸಕ್ಕೆ ಸಾಕು. ಒಳಾಂಗಣ, ಸಮುದ್ರದಿಂದ ದೂರದ ಹೊರಾಂಗಣ, ಆಹಾರ ಮತ್ತು ಹಾಲಿನ ಉಪಕರಣ, ಕುಡಿಯುವ ನೀರಿನ ಪೈಪು, ದುರ್ಬಲ ಆಮ್ಲಗಳು, ಅತಿ ಶೀತದ ದ್ರವಗಳ ಟ್ಯಾಂಕು, ಇವೆಲ್ಲ 304ರ ವ್ಯಾಪ್ತಿಯೇ. ಅದರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ಶಿಖರಕ್ಕೆ 1930ರಲ್ಲಿ ಹೊದಿಸಿದ್ದು ಇದೇ 18-8 ಜಾತಿಯ ಉಕ್ಕು. ಬೆರಳೆಣಿಕೆಯಷ್ಟು ಸಲ ತೊಳೆದದ್ದು ಬಿಟ್ಟರೆ ಅದಕ್ಕೆ ಹೆಚ್ಚಿನ ಆರೈಕೆಯೇ ಬೇಕಾಗಿಲ್ಲ. ಮಳೆ ಚೆನ್ನಾಗಿ ತೊಳೆಯುವ ಇಳಿಜಾರು ಮೇಲ್ಮೈ ಎಂಬುದೂ ಅದರ ಬಾಳಿಕೆಗೆ ನೆರವಾಗಿದೆ.

304 ಸೋಲುವುದು ಮೂರು ಕಡೆ: ಕಡಲ ತೀರ, ಕ್ಲೋರೈಡ್ ಹೆಚ್ಚಿರುವ ನೀರು, ಮತ್ತು ಕ್ಲೋರೈಡಿನ ಜೊತೆಗೆ ಬಿಸಿಯೂ ಸೇರಿದ ಜಾಗ.

ಹಾಗಾದರೆ 316 ನಿಜಕ್ಕೂ ಬೇಕಾಗುವುದು ಯಾವಾಗ?

316ರಲ್ಲಿ 2ರಿಂದ 3% ಮಾಲಿಬ್ಡಿನಂ ಇದೆ, ನಿಕಲ್ಲೂ 10%ಕ್ಕಿಂತ ಮೇಲಿರುತ್ತದೆ. ಬೆಲೆ ಏರುವುದು ಈ ಎರಡರಿಂದ. ಸಾಧಾರಣ ತಾಪಮಾನದ, ತಟಸ್ಥ ಪಿಎಚ್ ಇರುವ ನೀರಿಗೆ ರೂಢಿಯಲ್ಲಿರುವ ಲೆಕ್ಕ ಹೀಗಿದೆ: ಕ್ಲೋರೈಡ್ ಲೀಟರಿಗೆ 200 ಮಿಲಿಗ್ರಾಂವರೆಗೆ 304, 1000 ಮಿಲಿಗ್ರಾಂವರೆಗೆ 316. ಅದಕ್ಕೂ ಮೇಲೆ ಡ್ಯೂಪ್ಲೆಕ್ಸ್, ಅಂದರೆ ಆಸ್ಟೆನೈಟ್ ಮತ್ತು ಫೆರೈಟ್ ಎಂಬ ಎರಡು ಹರಳು ರಚನೆಗಳು ಬೆರೆತ ಜಾತಿ. ನೀರು ಬಿಸಿಯಾಗಿದ್ದರೆ, ಟ್ಯಾಂಕಿನ ತಳದಲ್ಲಿ ಕೆಸರು ಕೂರುತ್ತಿದ್ದರೆ, ಗ್ಯಾಸ್ಕೆಟ್ ಅಡಿಯಲ್ಲಿ ಸಂದು ಇದ್ದರೆ ಈ ಮಿತಿಗಳನ್ನು ಅರ್ಧಕ್ಕೆ ಇಳಿಸಿಕೊಂಡು ನೋಡುವುದು ಜಾಣತನ.

ಹೊರಾಂಗಣದಲ್ಲಿ, ಅಲೆ ಹೊಡೆಯುವ ಕಡಲತೀರದಿಂದ ಸುಮಾರು 5 ಕಿ.ಮೀ. ಒಳಗಿದ್ದರೆ 316 ಇಂದ ಶುರು ಮಾಡಿ. ಆದರೆ ಅಲ್ಲೂ ಗ್ರೇಡ್ ಒಂದೇ ಕಾಯುವುದಿಲ್ಲ. ಒರಟಾಗಿ ಉಜ್ಜಿದ 316 ರೇಲಿಂಗ್ ಮೇಲೆ ಚಹಾ ಕಲೆಯಂಥ ಕಂದು ಬಣ್ಣ ಕೆಲವೇ ತಿಂಗಳಲ್ಲಿ ಬರುತ್ತದೆ. ಮೇಲ್ಮೈ ಒರಟುತನ 0.5 ಮೈಕ್ರಾನ್ ಆರ್‌ಎಗಿಂತ (ಒರಟುತನದ ಸರಾಸರಿ ಅಳತೆ) ಕಡಿಮೆ ಇದ್ದು, ಉಜ್ಜಿದ ಗೆರೆಗಳು ಮೇಲಿಂದ ಕೆಳಕ್ಕೆ ಹೋಗಿದ್ದರೆ ಉಪ್ಪು ನಿಲ್ಲದೆ ಮಳೆಯಲ್ಲಿ ಜಾರಿಹೋಗುತ್ತದೆ. ಸೂರಿನ ಅಡಿಯ ಭಾಗ ಬಯಲಿನ ಭಾಗಕ್ಕಿಂತ ಬೇಗ ಕೆಡುವುದು ಇದೇ ಕಾರಣಕ್ಕೆ: ಉಪ್ಪು ಬಂದು ಕೂರುತ್ತದೆ, ತೊಳೆಯಲು ಮಳೆ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ. ಒಣ ಒಳಾಂಗಣದ ಮೆಟ್ಟಿಲ ಕಂಬಿಗೆ, ಲಿಫ್ಟಿನ ಪ್ಯಾನಲ್ಲಿಗೆ, ಕೇಬಲ್ ಟ್ರೇಗೆ 'ಯಾವುದಕ್ಕೂ ಇರಲಿ' ಎಂದು 316 ಬರೆದುಬಿಡುತ್ತಾರೆ. ಅಲ್ಲಿ ಮಾಲಿಬ್ಡಿನಂಗೆ ಮಾಡಲು ಕೆಲಸವೇ ಇಲ್ಲ.

ಪಿಆರ್‌ಇಎನ್ ಎಂಬ ಸಂಖ್ಯೆಯನ್ನು ಎಷ್ಟು ನಂಬಬಹುದು?

ಕುಳಿ ಬೀಳುವುದನ್ನು ಗ್ರೇಡ್ ಎಷ್ಟು ತಡೆಯುತ್ತದೆ ಎಂದು ಅಂದಾಜಿಸುವ ಸೂತ್ರ ಅದು: ಕ್ರೋಮಿಯಂ ಶೇಕಡಾವಾರು, ಅದಕ್ಕೆ ಮಾಲಿಬ್ಡಿನಂನ 3.3 ಪಟ್ಟು, ಸಾರಜನಕದ 16 ಪಟ್ಟು ಕೂಡಿಸಬೇಕು. 430ಕ್ಕೆ ಸುಮಾರು 16, 304ಕ್ಕೆ 18–19, 316ಕ್ಕೆ 24ರ ಆಸುಪಾಸು, ಡ್ಯೂಪ್ಲೆಕ್ಸ್ 2205ಕ್ಕೆ 35 ಬರುತ್ತದೆ. ಗ್ರೇಡುಗಳನ್ನು ಸಾಲಾಗಿ ನಿಲ್ಲಿಸಲು ಇದು ಒಳ್ಳೆಯದು. ತಾಪಮಾನ, ಸಂದು, ವೆಲ್ಡಿಂಗಿನ ಗುಣಮಟ್ಟ ಯಾವುದನ್ನೂ ಇದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದು ಸಣ್ಣ ವಿವರ ಗಮನಿಸಿ. 316ರ ಮಾಲಿಬ್ಡಿನಂ 2.0 ಆದರೂ ಮಾನದಂಡಕ್ಕೆ ಸರಿ, 3.0 ಆದರೂ ಸರಿ. ಮಿಲ್ಲುಗಳು ಸಹಜವಾಗಿಯೇ ಕೆಳಗಿನ ಅಂಚಿಗೆ ಹತ್ತಿರ ಕರಗಿಸುತ್ತವೆ. ನಿಮ್ಮ ಕೆಲಸ 316ರ ಮಿತಿಗೆ ತಾಗಿಕೊಂಡೇ ಇದ್ದರೆ ಕನಿಷ್ಠ 2.5% ಮಾಲಿಬ್ಡಿನಂ ಎಂದು ಬರೆಯಿರಿ, ಅಥವಾ ಯುರೋಪಿನ ಸಂಖ್ಯೆಯಲ್ಲಿ 1.4432 ಕೇಳಿ.

200 ಸರಣಿ ಅಗ್ಗವಾಗಿ ಸಿಗುತ್ತದೆ. ಬಳಸಬಹುದೇ?

ಬಳಸಬಹುದು, ಗೊತ್ತಿದ್ದು ಬಳಸಬೇಕು. ದುಬಾರಿ ನಿಕಲ್ ಕಡಿಮೆ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ಮತ್ತು ಸಾರಜನಕ ತುಂಬಿದ ಉಕ್ಕು ಇದು. 201ರಲ್ಲಿ ನಿಕಲ್ 3.5ರಿಂದ 5.5%, ಮ್ಯಾಂಗನೀಸ್ 5.5ರಿಂದ 7.5%, ಕ್ರೋಮಿಯಂ 16ರಿಂದ 18%. ಗಟ್ಟಿತನದಲ್ಲಿ 304ಕ್ಕಿಂತ ಒಂದು ಕೈ ಮೇಲೆ. ಒಣ ಒಳಾಂಗಣದ ಪೀಠೋಪಕರಣ, ಅಲಂಕಾರದ ಪೈಪು, ಪಾತ್ರೆ ಇವಕ್ಕೆ ಸಾಕು.

ತೊಂದರೆ ಇರುವುದು 201ರ ಹೆಸರಿನಲ್ಲಿ ಬರುವ ಬೇರೆ ಮಾಲಿನಲ್ಲಿ. ನಿಕಲ್ 1%ದ ಸುತ್ತಮುತ್ತ, ಕ್ರೋಮಿಯಂ 13–15% ಮಾತ್ರ ಇರುವ ತಳಿಗಳೂ ಮಾರುಕಟ್ಟೆಯಲ್ಲಿವೆ. ಬಫಿಂಗ್ ಮಾಡಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಮೇಲೆ 304ಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಹೊರಗೆ ಹಾಕಿದ ಮೊದಲ ಮಳೆಗಾಲದಲ್ಲಿ ವೆಲ್ಡಿಂಗ್ ಪಕ್ಕ ಕಂದು ಗೆರೆ ಮೂಡಿದಾಗ ಗೊತ್ತಾಗುತ್ತದೆ. 201ರಲ್ಲಿ ಇಂಗಾಲದ ಮಿತಿ 0.15%, ಅಂದರೆ 304ಕ್ಕಿಂತ ಎರಡು ಪಟ್ಟು. ಆದ್ದರಿಂದ ವೆಲ್ಡಿಂಗಿನ ಅಕ್ಕಪಕ್ಕ ಮೊದಲು ಕೆಡುತ್ತದೆ. ಆಳವಾಗಿ ಒತ್ತಿ ರೂಪಿಸಿದ ತುಂಡುಗಳಲ್ಲಿ ದಿನಗಳ ನಂತರ ತಾನಾಗಿ ಸೀಳು ಬಿಡುವ ಚಾಳಿಯೂ ಕಡಿಮೆ ನಿಕಲ್ ತಳಿಗಳಿಗೆ ಇದೆ.

ಮ್ಯಾಗ್ನೆಟ್ ಹಿಡಿದು ಪರೀಕ್ಷಿಸಿದರೆ ಸಾಲದೇ?

ಸಾಲದು. 304, 316, 201 ಮೂರೂ ಅಂಟುವುದಿಲ್ಲ, ಆದ್ದರಿಂದ 201 ಅನ್ನು 304 ಎಂದು ಕೊಟ್ಟರೆ ಮ್ಯಾಗ್ನೆಟ್ಟಿಗೆ ತಿಳಿಯುವುದಿಲ್ಲ. ಇನ್ನೊಂದೆಡೆ ಅಪ್ಪಟ 304 ಅನ್ನು ಬಗ್ಗಿಸಿದ ಮೂಲೆಯಲ್ಲಿ, ಎಳೆದ ಕಂಬಿಯಲ್ಲಿ, ವೆಲ್ಡಿಂಗ್ ಮೇಲೆ ಮ್ಯಾಗ್ನೆಟ್ ಸ್ವಲ್ಪ ಎಳೆಯುತ್ತದೆ. ಅದು ನಕಲಿ ಎಂದು ಮಾಲು ವಾಪಸ್ ಕಳಿಸಿ ಜಗಳವಾಡುವವರೂ ಇದ್ದಾರೆ. ಶೀಟಿನ ಎಲ್ಲ ಕಡೆಯೂ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿದರೆ ಅದು 304 ಜಾತಿಯಲ್ಲ, 430ರಂಥ ಫೆರಿಟಿಕ್ (ನಿಕಲ್ ಇಲ್ಲದ) ಜಾತಿ ಇರಬಹುದು ಎಂದಷ್ಟೇ ತಿಳಿಯುತ್ತದೆ.

ಸರಿಯಾದ ದಾರಿ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ, ಎಕ್ಸ್-ಕಿರಣ ಹಾಯಿಸಿ ಲೋಹದಲ್ಲಿ ಏನೇನಿದೆ ಎಂದು ಅಳೆಯುವಂಥದ್ದು. ಮ್ಯಾಂಗನೀಸ್ 2%ಕ್ಕಿಂತ ಮೇಲೆ ತೋರಿಸಿದರೆ ಅದು 304 ಅಲ್ಲ. ಮಾಲಿಬ್ಡಿನಂ 2% ಮುಟ್ಟದಿದ್ದರೆ 316 ಅಲ್ಲ. ಈ ಯಂತ್ರ ಇಂಗಾಲವನ್ನು ಅಳೆಯಲಾರದು, ಹಾಗಾಗಿ 304 ಮತ್ತು 304ಎಲ್ ನಡುವೆ ಭೇದ ಮಾಡಲು ಕಿಡಿ ಹಾರಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಬೇಕು. ಸಣ್ಣ ಖರೀದಿಗೆ ಮಾಲಿಬ್ಡಿನಂ ಪತ್ತೆಹಚ್ಚುವ, ಮ್ಯಾಂಗನೀಸ್ ಪತ್ತೆಹಚ್ಚುವ ಹನಿ ದ್ರಾವಣಗಳು ಸಿಗುತ್ತವೆ. ಮೇಲ್ಮೈ ಉಜ್ಜಿ ಒಂದು ಹನಿ ಹಾಕಿ ಬಣ್ಣ ನೋಡಬೇಕು, ಪಕ್ಕದಲ್ಲೇ ಗ್ರೇಡ್ ಗೊತ್ತಿರುವ ತುಂಡೊಂದನ್ನು ಇಟ್ಟು ಹೋಲಿಸಿದರೆ ಮೋಸ ಹೋಗುವುದಿಲ್ಲ.

ನಿಕಲ್ ಇಲ್ಲದ 430, 441, 444 ಎಲ್ಲಿ ಲಾಭ?

ಇವು ಫೆರಿಟಿಕ್ ಜಾತಿ. ನಿಕಲ್ ಇಲ್ಲದ್ದರಿಂದ ಬೆಲೆ ಕಡಿಮೆ, ನಿಕಲ್ ಮಾರುಕಟ್ಟೆ ಕುಣಿದಂತೆ ಕುಣಿಯುವುದೂ ಇಲ್ಲ. ಲಂಡನ್ ಲೋಹ ವಿನಿಮಯ ಕೇಂದ್ರ 2022ರ ಮಾರ್ಚ್‌ನಲ್ಲಿ ನಿಕಲ್ ವಹಿವಾಟನ್ನೇ ದಿನಗಟ್ಟಲೆ ನಿಲ್ಲಿಸಬೇಕಾಯಿತು. ಅಂಥ ಹೊತ್ತಿನಲ್ಲಿ 304ಕ್ಕೆ ದರ ಪಡೆದವರಿಗೆ ಫೆರಿಟಿಕ್ ನೆನಪಾಗುತ್ತದೆ.

430ರಲ್ಲಿ 16ರಿಂದ 18% ಕ್ರೋಮಿಯಂ. ಒಳಾಂಗಣದ ಹೊದಿಕೆ, ಅಡುಗೆ ಉಪಕರಣದ ಹೊರಕವಚ ಇವಕ್ಕೆ ಚೆನ್ನ. ವೆಲ್ಡಿಂಗ್ ಇದ್ದರೆ ಬೇಡ: ಶಾಖ ತಾಗಿದ ಕಡೆ ಕಣಗಳು ದೊಡ್ಡದಾಗಿ ಲೋಹ ಪೆಡಸಾಗುತ್ತದೆ, ಬಡಿದರೆ ಬಿರಿಯುತ್ತದೆ. ಟೈಟಾನಿಯಂ ಮತ್ತು ನಿಯೋಬಿಯಂ ಸೇರಿಸಿದ 441 ತೆಳು ಶೀಟಿನಲ್ಲಿ ಚೆನ್ನಾಗಿ ವೆಲ್ಡ್ ಆಗುತ್ತದೆ, ಎಷ್ಟೋ ಕಡೆ 304ರ ಜಾಗಕ್ಕೆ ನೇರವಾಗಿ ಬರುತ್ತದೆ. 444ರಲ್ಲಿ ಸುಮಾರು 18% ಕ್ರೋಮಿಯಂ, 2% ಮಾಲಿಬ್ಡಿನಂ. ಮೇಲಿನ ಸೂತ್ರದಲ್ಲಿ ಹಾಕಿ ನೋಡಿ, ಮೊತ್ತ 316ಕ್ಕೆ ಸಮ. ಬಿಸಿನೀರಿನ ಟ್ಯಾಂಕಿಗೆ ಇದು ಬಹಳ ಒಪ್ಪುವ ಗ್ರೇಡ್, ಏಕೆಂದರೆ 304, 316ಗಳನ್ನು ಕಾಡುವ ಒತ್ತಡದ ಬಿರುಕು ಫೆರಿಟಿಕ್‌ಗೆ ಹೆಚ್ಚೂಕಡಿಮೆ ಬರುವುದೇ ಇಲ್ಲ.

ಮಿತಿ ದಪ್ಪದ್ದು. ಸುಮಾರು 3 ಮಿ.ಮೀ. ದಾಟಿದರೆ ಈ ಗ್ರೇಡುಗಳ ಜಿಗುಟುತನ (ಬಡಿದರೂ ಬಿರಿಯದ ಗುಣ) ಕುಸಿಯುತ್ತದೆ. ಕೊರೆಯುವ ಚಳಿಯ ಕೆಲಸಕ್ಕೂ ಸಲ್ಲವು. ತೂಕದಲ್ಲೂ ಒಂದು ಸಣ್ಣ ಲಾಭವಿದೆ: ಸಾಂದ್ರತೆ 7.7, 304ರದ್ದು 7.93. ಅಂದರೆ ಒಂದು ಟನ್ನಿಗೆ ಸುಮಾರು 3% ಹೆಚ್ಚು ಶೀಟು. ಬಿಸಿಗೆ ಹಿಗ್ಗುವುದೂ 304ಕ್ಕಿಂತ ಮೂರನೇ ಒಂದು ಭಾಗ ಕಡಿಮೆ, ಉದ್ದನೆಯ ಛಾವಣಿ ಶೀಟುಗಳಿಗೆ ಅದು ಒಳ್ಳೆಯದೇ.

ಕಲ್ಲಿದ್ದಲು, ಅದಿರು, ಮರಳು ಸಾಗಿಸುವ ಗಾಡಿ ಮತ್ತು ಹಾಪರುಗಳಿಗೆ?

11–12% ಕ್ರೋಮಿಯಂನ 1.4003 ಜಾತಿ. ನೋಡಲು ಚಂದವಿಲ್ಲ, ಬೇಗ ಬಣ್ಣಗೆಡುತ್ತದೆ. ಆದರೆ ಒದ್ದೆ ಮಾಲು ಉಜ್ಜುತ್ತಲೇ ಇರುವ ಕಡೆ ಸಾದಾ ಉಕ್ಕಿನ ಬಣ್ಣ ಕಿತ್ತುಹೋಗಿ ಸವೆತ ಮತ್ತು ತುಕ್ಕು ಎರಡೂ ಸೇರಿ ತಿನ್ನುತ್ತವಲ್ಲ, ಅಲ್ಲಿ ಇದು ಹಲವು ಪಟ್ಟು ಬಾಳುತ್ತದೆ. ಇತರ ಫೆರಿಟಿಕ್‌ಗಳಂತಲ್ಲದೆ ದಪ್ಪ ಪ್ಲೇಟಿನಲ್ಲೂ ವೆಲ್ಡ್ ಆಗುತ್ತದೆ. ಹೊಳಪು ಬೇಡದ ಕಡೆ 304 ಹಾಕುವ ಮೊದಲು ಇದನ್ನೊಮ್ಮೆ ವಿಚಾರಿಸಿ.

ಡ್ಯೂಪ್ಲೆಕ್ಸ್ ಕಿಲೋಗೆ ದುಬಾರಿ. ಅದು ಮಿತವ್ಯಯ ಹೇಗಾದೀತು?

ಕಿಲೋ ಲೆಕ್ಕ ಬಿಟ್ಟು ಇಡೀ ವಸ್ತುವಿನ ಲೆಕ್ಕ ಹಾಕಿದರೆ ಆಗುತ್ತದೆ. 304ರ ಕನಿಷ್ಠ ಯೀಲ್ಡ್ ಬಲ (ಲೋಹ ಮರಳಿ ನೆಟ್ಟಗಾಗದಂತೆ ಬಾಗಲು ಶುರುವಾಗುವ ಒತ್ತಡ) 205 ಎಂಪಿಎ (ಮೆಗಾಪ್ಯಾಸ್ಕಲ್), 316ಎಲ್‌ದು 170. ಡ್ಯೂಪ್ಲೆಕ್ಸ್ 2205ರದ್ದು 450. ನಿಕಲ್ ಬರೀ ಒಂದೂವರೆ ಶೇಕಡಾ ಇರುವ ಲೀನ್ ಡ್ಯೂಪ್ಲೆಕ್ಸ್ 2101ರದ್ದೂ 450ರ ಮಟ್ಟದಲ್ಲೇ ಇದೆ, ತುಕ್ಕು ತಡೆಯುವುದರಲ್ಲಿ ಅದು 304ಕ್ಕಿಂತ ಮೇಲು, ಬಹಳ ಕಡೆ 316ರ ಹತ್ತಿರ.

ಒಂದು ಉದಾಹರಣೆ ಬಿಡಿಸೋಣ. 20 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ 12 ಮೀಟರ್ ನೀರು. ತಳದಲ್ಲಿ ನೀರಿನ ಒತ್ತಡ 0.118 ಎಂಪಿಎ. ಅದನ್ನು 10 ಮೀಟರ್ ತ್ರಿಜ್ಯದಿಂದ ಗುಣಿಸಿ, ಯೀಲ್ಡ್ ಬಲದ ಮೂರನೇ ಎರಡು ಭಾಗದಿಂದ ಭಾಗಿಸಿದರೆ ಗೋಡೆಯ ದಪ್ಪದ ಅಂದಾಜು ಬರುತ್ತದೆ. 304ಕ್ಕೆ 8.6 ಮಿ.ಮೀ., ಅಂದರೆ 9. ಲೀನ್ ಡ್ಯೂಪ್ಲೆಕ್ಸ್‌ಗೆ 3.9. ಇಷ್ಟು ದೊಡ್ಡ ಟ್ಯಾಂಕಿಗೆ ಅಷ್ಟು ತೆಳು ಗೋಡೆ ನಿಲ್ಲಿಸಲಾಗದು, 5 ಎಂದು ಹಿಡಿಯಿರಿ. ಆದರೂ ತಳದ ಸುತ್ತಿನ ಪ್ಲೇಟುಗಳಲ್ಲಿ ಶೇ. 44ರಷ್ಟು ತೂಕ ಇಳಿಯಿತು. ವಿ ಆಕಾರದ ಜೋಡಣೆಯಲ್ಲಿ ತುಂಬಬೇಕಾದ ವೆಲ್ಡ್ ಲೋಹ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಹಾಗಾಗಿ ಅದು ಮೂರನೇ ಒಂದಕ್ಕಿಂತ ಕಡಿಮೆಯಾಯಿತು. ವೆಲ್ಡಿಂಗ್ ಕಡ್ಡಿ, ಕೂಲಿ, ಕ್ರೇನ್ ಎಲ್ಲವೂ ಅದರ ಜೊತೆ ಇಳಿಯುತ್ತವೆ. ಅಂತಿಮ ದಪ್ಪವನ್ನು ಮಾತ್ರ ಟ್ಯಾಂಕಿನ ವಿನ್ಯಾಸ ಸಂಹಿತೆಯ ಅನುಮತಿತ ಒತ್ತಡ ಮತ್ತು ಜೋಡಣೆ ಗುಣಾಂಕದಿಂದಲೇ ನಿಗದಿ ಮಾಡಬೇಕು.

ಮೇಲಿನ ಸುತ್ತುಗಳಲ್ಲಿ ಈ ಲಾಭ ಇಲ್ಲ, ಅಲ್ಲಿ ಯಾವ ಗ್ರೇಡ್ ಆದರೂ ಕನಿಷ್ಠ ದಪ್ಪವೇ. ಬಾಗುವಿಕೆಯೇ ಮಿತಿಯಾಗಿರುವ ಉದ್ದ ತೊಲೆಗಳಲ್ಲೂ ಇಲ್ಲ, ಏಕೆಂದರೆ ಬಿಗುವಿನ ಗುಣಾಂಕ ಎಲ್ಲ ಸ್ಟೇನ್‌ಲೆಸ್‌ಗೂ 200 ಜಿಪಿಎ ಸುಮಾರಿಗೇ ಇರುತ್ತದೆ. 2 ಮಿ.ಮೀ. ಹೊದಿಕೆಗೆ ಡ್ಯೂಪ್ಲೆಕ್ಸ್ ಕೊಳ್ಳುವುದು ದುಂದು. 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಕಡೆಯೂ ಬೇಡ, ಕಾಲಕ್ರಮದಲ್ಲಿ ಪೆಡಸಾಗುತ್ತದೆ. ಮೈನಸ್ 40ರಿಂದ 50ರ ಕೆಳಗೂ ಬೇಡ.

ಇನ್ನು ವೆಲ್ಡರ್‌ಗೆ ಅನುಭವ ಇರಬೇಕು. 2205ಕ್ಕೆ 2209 ಕಡ್ಡಿ, ಶಾಖ ಮಿ.ಮೀ.ಗೆ 0.5ರಿಂದ 2.5 ಕಿಲೋಜೌಲ್ ನಡುವೆ, ಒಂದು ಪದರದಿಂದ ಇನ್ನೊಂದಕ್ಕೆ ಹೋಗುವಾಗ 150 ಡಿಗ್ರಿ ಮೀರಬಾರದು. ಶಾಖ ತೀರ ಕಡಿಮೆಯಾಗಿ ಬೇಗ ತಣಿದರೆ ಫೆರೈಟ್ ಹೆಚ್ಚಾಗುತ್ತದೆ, ತೀರ ನಿಧಾನ ತಣಿದರೆ ಸಿಗ್ಮಾ ಎಂಬ ಪೆಡಸು ಹಂತ ಹುಟ್ಟುತ್ತದೆ. ಎರಡೂ ಕೆಡುಕೇ.

304 ಮತ್ತು 304ಎಲ್: ಎಲ್‌ಗೆ ಹೆಚ್ಚು ಕೊಡಬೇಕೇ?

ಎಲ್ ಎಂದರೆ ಇಂಗಾಲ 0.03% ಮೀರದ್ದು. ವೆಲ್ಡಿಂಗ್ ಶಾಖದಲ್ಲಿ 425ರಿಂದ 850 ಡಿಗ್ರಿ ನಡುವೆ ಹೊತ್ತು ಕಳೆದ ಲೋಹದಲ್ಲಿ ಇಂಗಾಲವು ಕ್ರೋಮಿಯಂ ಅನ್ನು ಕಣಗಳ ಅಂಚಿಗೆ ಎಳೆದುಕೊಳ್ಳುತ್ತದೆ, ಅಂಚಿನ ಪಕ್ಕ ಕ್ರೋಮಿಯಂ ಬರಿದಾಗಿ ಅಲ್ಲೇ ತುಕ್ಕು ಹಿಡಿಯುತ್ತದೆ. ಇಂಗಾಲ ಕಡಿಮೆ ಇದ್ದರೆ ಈ ಕಾಟ ಇಲ್ಲ. ತೆಳು ಶೀಟಿಗೆ ಸಾದಾ 304 ನಡೆಯುತ್ತದೆ, ದಪ್ಪ ಪ್ಲೇಟ್ ವೆಲ್ಡಿಂಗಿಗೆ ಎಲ್ ಬೇಕು. ಈಗ ಬಹುತೇಕ ಮಿಲ್ಲುಗಳು 304 ಮತ್ತು 304ಎಲ್ ಎರಡೂ ಮುದ್ರೆ ಇರುವ ಜೋಡಿ ಸರ್ಟಿಫಿಕೇಟ್ ಮಾಲನ್ನೇ ಕೊಡುತ್ತವೆ: ಇಂಗಾಲ ಎಲ್‌ದು, ಬಲ ಸಾದಾ 304ರದ್ದು. ಅದನ್ನೇ ಕೇಳಿ.

500 ಡಿಗ್ರಿ ದಾಟಿ ಭಾರ ಹೊರುವ ಭಾಗಕ್ಕೆ ಎಲ್ ಸಲ್ಲದು. ಅಲ್ಲಿ ಇಂಗಾಲ 0.04ರಿಂದ 0.10% ಇರುವ 304ಎಚ್ ಬೇಕು. ಕುಲುಮೆಯ ಒಳಗಿನ ಭಾಗಗಳಿಗೆ 309 ಅಥವಾ 310.

ಬಿಸಿ ಪೈಪಿನಲ್ಲಿ ಸವೆತವೇ ಇಲ್ಲ, ಆದರೂ ಬಿರುಕು ಬಿಟ್ಟಿದೆ. ಏಕೆ?

ಇದು ಒತ್ತಡದ ತುಕ್ಕು ಬಿರುಕು. 304, 316ಗಳಲ್ಲಿ ಕ್ಲೋರೈಡ್, ಎಳೆತದ ಒತ್ತಡ, ಸುಮಾರು 60 ಡಿಗ್ರಿ ಮೀರಿದ ತಾಪಮಾನ, ಈ ಮೂರೂ ಕೂಡಿದರೆ ಬರುತ್ತದೆ. ಒತ್ತಡ ಹೊರಗಿನ ಭಾರದಿಂದಲೇ ಬರಬೇಕೆಂದಿಲ್ಲ, ವೆಲ್ಡಿಂಗ್ ಉಳಿಸಿಹೋದ ಒತ್ತಡವೇ ಸಾಕು. ಒಳಗಿನ ದ್ರವದಲ್ಲಿ ಕ್ಲೋರೈಡ್ ಇಲ್ಲದಿದ್ದರೂ ಹೊರಗಿನ ಇನ್ಸುಲೇಶನ್ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗಿ ಪೈಪಿನ ಮೈಮೇಲೆ ಉಪ್ಪು ಗಟ್ಟಿಸುತ್ತದೆ.

304 ತೆಗೆದು 316 ಹಾಕಿದರೆ ಇದು ವಾಸಿಯಾಗುವುದಿಲ್ಲ, ಸ್ವಲ್ಪ ಮುಂದಕ್ಕೆ ಹೋಗುತ್ತದೆ ಅಷ್ಟೆ. ಡ್ಯೂಪ್ಲೆಕ್ಸ್ ಅಥವಾ 444ಕ್ಕೆ ಹೋಗಿ. ಇರುವ ಪೈಪನ್ನೇ ಉಳಿಸಿಕೊಳ್ಳಬೇಕೆಂದರೆ ಕ್ಲೋರೈಡ್ ಇಲ್ಲದ ಇನ್ಸುಲೇಶನ್ ಬಳಸಿ, ಅದರ ಅಡಿ ಬಣ್ಣದ ಲೇಪ ಅಥವಾ ಅಲ್ಯೂಮಿನಿಯಂ ಹಾಳೆ ಸುತ್ತಿ, ಹೊರಕವಚದ ಸಂದುಗಳನ್ನು ಮುಚ್ಚಿ.

ಒಳಾಂಗಣ ಈಜುಕೊಳದ ಛಾವಣಿಗೆ 316 ಸಾಕೇ?

ಭಾರ ಹೊರುವ ತೂಗುಕಂಬಿ, ಬೋಲ್ಟು, ಬ್ರಾಕೆಟ್ಟುಗಳಿಗೆ ಖಂಡಿತ ಸಾಲದು. ಸ್ವಿಟ್ಜರ್ಲೆಂಡಿನ ಊಸ್ಟರ್‌ನಲ್ಲಿ 1985ರಲ್ಲಿ ಈಜುಕೊಳದ ಕಾಂಕ್ರೀಟ್ ಒಳಛಾವಣಿ ಕುಸಿದು 12 ಮಂದಿ ಸತ್ತರು. ಅದನ್ನು ಹಿಡಿದಿದ್ದ ಸ್ಟೇನ್‌ಲೆಸ್ ತೂಗುಕಂಬಿಗಳು ಒತ್ತಡದ ತುಕ್ಕಿನಿಂದ ಬಿರುಕು ಬಿಟ್ಟಿದ್ದವು. ಕೊಳದ ಗಾಳಿಯಲ್ಲಿರುವ ಕ್ಲೋರಿನ್ ಸಂಯುಕ್ತಗಳು ತೊಳೆಯದ ಮೇಲ್ಮೈಯಲ್ಲಿ ಗಟ್ಟಿಯಾದರೆ ಕೊಠಡಿ ತಾಪಮಾನದಲ್ಲೇ ಬಿರುಕು ಹುಟ್ಟಿಸಬಲ್ಲವು. ಅಲ್ಲಿಗೆ 6% ಮಾಲಿಬ್ಡಿನಂ ಇರುವ 1.4529 ಅಥವಾ 1.4547 ಬೇಕು. ಕೈಗೆ ಎಟುಕುವ, ದಿನವೂ ತೊಳೆಯುವ ಏಣಿ, ಕೈ ಹಿಡಿಯುವ ಕಂಬಿಗಳಿಗೆ 316 ಆಗುತ್ತದೆ.

ಹೊಸದಾಗಿ ವೆಲ್ಡ್ ಮಾಡಿದ 304 ವಾರದಲ್ಲೇ ತುಕ್ಕು ಹಿಡಿಯಿತು. ಮಾಲೇ ನಕಲಿಯೇ?

ಇರಬಹುದು, ಆದರೆ ಮೊದಲು ವರ್ಕ್‌ಶಾಪನ್ನು ನೋಡಿ. ಸಾದಾ ಕಬ್ಬಿಣ ಕತ್ತರಿಸಿದ ಗ್ರೈಂಡಿಂಗ್ ಡಿಸ್ಕನ್ನೇ ಸ್ಟೇನ್‌ಲೆಸ್‌ಗೂ ಹಾಕಿರುತ್ತಾರೆ, ಪಕ್ಕದ ಟೇಬಲಿನ ಕಬ್ಬಿಣದ ಕಿಡಿ ಬಂದು ಅಂಟಿರುತ್ತದೆ, ಸಾದಾ ತಂತಿ ಬ್ರಷ್ಷಿನಲ್ಲಿ ಉಜ್ಜಿರುತ್ತಾರೆ, ಉಕ್ಕಿನ ಚೈನಿನಲ್ಲಿ ಎತ್ತಿರುತ್ತಾರೆ. ತುಕ್ಕು ಹಿಡಿದಿದ್ದು ಆ ಕಬ್ಬಿಣದ ಪುಡಿ. ಬಿಟ್ಟರೆ ಅದರ ಅಡಿ ಸ್ಟೇನ್‌ಲೆಸ್ ಕೂಡ ಕುಳಿ ಬೀಳುತ್ತದೆ.

ಎರಡನೆಯದು ವೆಲ್ಡಿಂಗ್ ಪಕ್ಕದ ನೀಲಿ, ಕಂದು ಬಣ್ಣದ ಪಟ್ಟಿ. ಅದು ಬರೀ ಬಣ್ಣವಲ್ಲ. ಶಾಖದಲ್ಲಿ ಬೆಳೆದ ದಪ್ಪ ಆಕ್ಸೈಡ್, ಅದರ ಅಡಿಯಲ್ಲಿ ಕ್ರೋಮಿಯಂ ಬರಿದಾದ ಪದರ. ತಿಳಿ ಹುಲ್ಲಿನ ಬಣ್ಣವಾದರೆ ಒಣ ಜಾಗದಲ್ಲಿ ಬಿಡಬಹುದು, ನೀಲಿಯಾದರೆ ತೆಗೆಯಲೇಬೇಕು. ಪಿಕ್ಲಿಂಗ್ ಪೇಸ್ಟನ್ನು (ಆ ಪದರವನ್ನು ಕರಗಿಸುವ ಆಮ್ಲದ ಲೇಪ) ದಪ್ಪಗೆ ಹಚ್ಚಿ, 304ಕ್ಕೆ 15ರಿಂದ 30 ನಿಮಿಷ, 316 ಮತ್ತು ಡ್ಯೂಪ್ಲೆಕ್ಸ್‌ಗೆ ಇನ್ನೂ ಹೆಚ್ಚು ಹೊತ್ತು ಬಿಟ್ಟು, ಒಣಗಲು ಬಿಡದೆ, ಕ್ಲೋರೈಡ್ ಕಡಿಮೆ ಇರುವ ನೀರಿನಲ್ಲಿ ಧಾರಾಳವಾಗಿ ತೊಳೆಯಿರಿ. ಈ ಪೇಸ್ಟಿನಲ್ಲಿ ನೈಟ್ರಿಕ್ ಆಮ್ಲದ ಜೊತೆ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಚರ್ಮಕ್ಕೆ ತಾಗಿದರೆ ನೋವು ತಡವಾಗಿ ತಿಳಿದು ಮೂಳೆಯವರೆಗೂ ಇಳಿಯಬಲ್ಲದು. ಉದ್ದ ಗವಸು, ಮುಖಕವಚ, ಕೈಗೆಟುಕುವಂತೆ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಇಲ್ಲದೆ ಡಬ್ಬಿ ತೆರೆಯಬೇಡಿ. ಜೆಲ್ ಹಚ್ಚಿದ ಮೇಲೂ ವೈದ್ಯರ ಬಳಿ ಹೋಗಲೇಬೇಕು.

ಕಡ್ಡಿಯ ವಿಚಾರ: 304ಎಲ್‌ಗೆ 308ಎಲ್, 316ಎಲ್‌ಗೆ 316ಎಲ್, ಸಾದಾ ಉಕ್ಕಿಗೆ ಸ್ಟೇನ್‌ಲೆಸ್ ಜೋಡಿಸಲು 309ಎಲ್.

ಕಟ್ಟಡದ ಕೆಲಸ ನಡೆಯುವಾಗ ಏನು ಕೆಡಿಸುತ್ತದೆ?

ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲ. ಅದರ ಆವಿಯೇ ಸಾಕು, ಮುಚ್ಚಿದ ಕೋಣೆಯಲ್ಲಿ ಒಂದು ರಾತ್ರಿಯಲ್ಲಿ ಹೊಸ ಸಿಂಕ್, ಲಿಫ್ಟ್ ಬಾಗಿಲು, ರೇಲಿಂಗ್ ಎಲ್ಲದರ ಮೇಲೂ ಕಂದು ಚುಕ್ಕೆ ಎದ್ದಿರುತ್ತದೆ. ನೆಲದ ಆಮ್ಲ ತೊಳೆತ ಮುಗಿದ ಮೇಲೆಯೇ ಸ್ಟೇನ್‌ಲೆಸ್ ಕೂರಿಸುವಂತೆ ಕೆಲಸದ ಸರದಿ ಬರೆದರೆ 304ರಲ್ಲೇ ಮುಗಿಯುವ ಕೆಲಸಕ್ಕೆ 316 ಕೊಳ್ಳುವ ಪ್ರಮೇಯ ಬರುವುದಿಲ್ಲ. ರಕ್ಷಣೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ಅಂಟು ಒಣಗಿ ಕೀಳಲು ಬರುವುದಿಲ್ಲ.

ಪೈಪ್ ಪರೀಕ್ಷೆಗೆ ತುಂಬಿಸಿದ ನೀರೂ ಅಷ್ಟೇ. ಪರೀಕ್ಷೆ ಮುಗಿದ ಕೂಡಲೇ ಪೂರ್ತಿ ಬಸಿದು ಒಣಗಿಸಿ. ತಳದಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಕಾರ್ಖಾನೆ ಶುರುವಾಗುವ ಮೊದಲೇ ವೆಲ್ಡಿಂಗ್ ಮೇಲೆ ತೂತು ಬಿದ್ದಿರುತ್ತದೆ.

ಬೋಲ್ಟುಗಳಲ್ಲಿ ಉಳಿತಾಯ ಮಾಡಬಹುದೇ?

ಇಲ್ಲಿ ಮಾತ್ರ ಬೇಡ. ಬೋಲ್ಟ್ ಯಾವಾಗಲೂ ತಾನು ಹಿಡಿದ ಪ್ಲೇಟಿನಷ್ಟೇ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಇರಬೇಕು. ದೊಡ್ಡ ಸಾದಾ ಉಕ್ಕಿನ ಪ್ಲೇಟಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಹೆಚ್ಚು ಹಾನಿಯಿಲ್ಲ. ದೊಡ್ಡ ಸ್ಟೇನ್‌ಲೆಸ್ ಪ್ಲೇಟಿಗೆ ಸಾದಾ ಬೋಲ್ಟ್ ಹಾಕಿದರೆ ಇಡೀ ಪ್ಲೇಟಿನ ವಿದ್ಯುತ್‌ರಾಸಾಯನಿಕ ಹೊರೆ ಆ ಪುಟ್ಟ ಬೋಲ್ಟಿನ ಮೇಲೆ ಬಿದ್ದು ಬೇಗ ಕರಗಿಹೋಗುತ್ತದೆ. ಬೋಲ್ಟಿನ ಮೇಲಿನ ಗುರುತಿನಲ್ಲಿ ಎ2 ಎಂದರೆ 304ರ ಜಾತಿ, ಎ4 ಎಂದರೆ 316. ಎ1 ಬೇಡ, ಸುಲಭವಾಗಿ ಕಡೆಯಲು ಗಂಧಕ ಸೇರಿಸಿದ ಜಾತಿ ಅದು, ಒದ್ದೆಯಲ್ಲಿ ಬಾಳದು. ಎ2-70 ಎಂದಿದ್ದರೆ ಎಳೆತ ಬಲ 700 ಎಂಪಿಎ.

ಬಿಗಿಯುವಾಗ ನಟ್ ನಡುವಲ್ಲೇ ಕಚ್ಚಿಕೊಂಡು ನಿಲ್ಲುವುದು ಸ್ಟೇನ್‌ಲೆಸ್‌ನ ಹಳೆಯ ರೋಗ. ಎಳೆಗಳಿಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಮೊದಲ ಸುತ್ತುಗಳನ್ನು ಕೈಯಲ್ಲೇ ಹಾಕಿ, ಇಂಪ್ಯಾಕ್ಟ್ ಗನ್ ದೂರವಿಡಿ.

ಕಾಂಕ್ರೀಟಿನೊಳಗೆ ಸ್ಟೇನ್‌ಲೆಸ್ ಕಂಬಿ ಹಾಕುವುದು ದುಂದಲ್ಲವೇ?

ಇಡೀ ಸೇತುವೆಗೆ ಹಾಕಿದರೆ ದುಂದು. ಉಪ್ಪುನೀರು ಚಿಮ್ಮುವ ಭಾಗದ ಹೊರಪದರದ ಕಂಬಿಗಳಿಗೆ, ಬಿರುಕು ಬಿಡುವ ಜೋಡಣೆಗಳಿಗೆ ಮಾತ್ರ ಹಾಕಿದರೆ ಲೆಕ್ಕ ಬೇರೆ. ಮೆಕ್ಸಿಕೋದ ಪ್ರೊಗ್ರೆಸೊದಲ್ಲಿ 1937–41ರಲ್ಲಿ ಕಟ್ಟಿದ ಸಮುದ್ರ ಕಟ್ಟೆಗೆ 304 ಜಾತಿಯ ಕಂಬಿ ಹಾಕಿದ್ದರು. ಅದು ದಶಕಗಟ್ಟಲೆ ದೊಡ್ಡ ರಿಪೇರಿ ಇಲ್ಲದೆ ನಿಂತಿತು. ಪಕ್ಕದಲ್ಲೇ ಆಮೇಲೆ ಸಾದಾ ಕಂಬಿಯಲ್ಲಿ ಕಟ್ಟಿದ ಕಟ್ಟೆ ಕುಸಿದು ಮಾಯವಾಯಿತು. ಕಾಂಕ್ರೀಟಿನೊಳಗೆ ಸಾದಾ ಕಂಬಿಗೆ ಸ್ಟೇನ್‌ಲೆಸ್ ತಾಗಿದರೆ ತುಕ್ಕು ಹೆಚ್ಚುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಎರಡನ್ನೂ ಬೆರೆಸಿಯೇ ಕಟ್ಟಬಹುದು.

ಇಬ್ಬರು ಕೊಟ್ಟ ದರವನ್ನು ಹೋಲಿಸುವುದು ಹೇಗೆ?

ಕಿಲೋ ದರ ಪಕ್ಕಕ್ಕಿಟ್ಟು ಶೀಟಿನ ದರ ಕೇಳಿ. 1250 x 2500 ಮಿ.ಮೀ., 2 ಮಿ.ಮೀ. ದಪ್ಪದ 304 ಶೀಟಿನ ಲೆಕ್ಕದ ತೂಕ 49.6 ಕಿಲೋ. ಬಂದ ಶೀಟಿನ ನಿಜ ದಪ್ಪ 1.85 ಇದ್ದರೆ ತೂಕ 45.8 ಕಿಲೋ. ಲೆಕ್ಕದ ತೂಕಕ್ಕೆ ಹಣ ಕೊಟ್ಟಿದ್ದರೆ ಶೀಟೊಂದಕ್ಕೆ 3.8 ಕಿಲೋ ಕೈಬಿಟ್ಟಿತು. ಮೈಕ್ರೋಮೀಟರ್ ಹಿಡಿದು ಅಂಚಿನಿಂದ ಒಳಗೆ ಮೂರು ಕಡೆ ಅಳೆಯಿರಿ, ತೂಗಿದ ಚೀಟಿಯಲ್ಲಿರುವ ನಿಜ ತೂಕಕ್ಕೇ ಬಿಲ್ ಮಾಡಿಸಿ.

ಫಿನಿಶ್ ಕೂಡ ದರವನ್ನು ತಿನ್ನುತ್ತದೆ. 2ಬಿ ಎಲ್ಲಕ್ಕಿಂತ ಅಗ್ಗದ ನಯವಾದ ಮೇಲ್ಮೈ. ನಂ. 4 ಎಂದರೆ ಅದನ್ನೇ ಮತ್ತೆ ಉಜ್ಜಿದ್ದು, ಉಜ್ಜುವ ಕೂಲಿ ಸೇರುತ್ತದೆ. ಟ್ಯಾಂಕಿನ ಹೊರಮೈ, ನಾಳ, ಮರೆಯಲ್ಲಿರುವ ಬ್ರಾಕೆಟ್ ಇವಕ್ಕೆ ನಂ. 4 ಬರೆಯುವುದು ಹಣ ಸುರಿದಂತೆ. ದಪ್ಪ ಪ್ಲೇಟಿಗೆ ನಂ. 1 (ಬಿಸಿಯಲ್ಲಿ ಉರುಳಿಸಿದ ಒರಟು ಮೇಲ್ಮೈ) ಸಾಕು. ಇನ್ನು ದರಪತ್ರದಲ್ಲಿ ಮಿಶ್ರಲೋಹದ ಸರ್ಚಾರ್ಜ್ (ನಿಕಲ್‌ನಂಥ ಲೋಹಗಳ ಬೆಲೆಗೆ ತಕ್ಕಂತೆ ಮಿಲ್ಲು ಸೇರಿಸುವ ಹೆಚ್ಚುವರಿ ಮೊತ್ತ) ಯಾವ ತಿಂಗಳದ್ದು, ಆರ್ಡರ್ ದಿನದ್ದೋ ಸರಬರಾಜು ದಿನದ್ದೋ ಎಂದು ಬರೆಸಿಕೊಳ್ಳಿ.

ಒಂದೇ ಪ್ರಾಜೆಕ್ಟಿನಲ್ಲಿ ಹಲವು ಗ್ರೇಡ್ ಬಳಸಿದರೆ ಗೊಂದಲವಾಗದೇ?

ಎರಡು ಮೂರಕ್ಕೆ ನಿಲ್ಲಿಸಿದರೆ ಆಗುವುದಿಲ್ಲ. ದೊಡ್ಡ ಉಳಿತಾಯ ಇರುವುದೇ ಇಲ್ಲಿ. ಉಪ್ಪುನೀರು ತಾಗುವ ಟ್ಯಾಂಕಿನ ತಳ ಡ್ಯೂಪ್ಲೆಕ್ಸ್, ಹೊರಗಿನ ಏಣಿ 304, ಒಳಾಂಗಣ ಹೊದಿಕೆ 430. ಆದರೆ 304 ಮತ್ತು 316ರ ಒಂದೇ ಅಳತೆಯ ಪೈಪನ್ನು ಒಂದೇ ಅಂಗಳದಲ್ಲಿ ಇಡಬೇಕಾದರೆ ಪೂರ್ತಿ ಉದ್ದಕ್ಕೂ ಬಣ್ಣದ ಗೆರೆ ಎಳೆಸಿ, ಕ್ಲೋರೈಡ್ ಇಲ್ಲದ ಮಾರ್ಕರಿನಲ್ಲಿ. ಗೆರೆ ತುದಿಯಲ್ಲಿ ಮಾತ್ರ ಇದ್ದರೆ ಮೊದಲ ಕತ್ತರಿಸುವಿಕೆಯಲ್ಲೇ ಗುರುತು ಹೋಗುತ್ತದೆ. ಗುರುತು ಹೋದ ತುಂಡು ಸಣ್ಣ ಕೆಲಸವೆಂದರೂ ಬಳಸುವ ಮೊದಲು ಎಕ್ಸ್‌ಆರ್‌ಎಫ್‌ಗೆ ಹೋಗಬೇಕು.

ಖರೀದಿ ಆದೇಶದಲ್ಲಿ ಏನೇನು ಬರೆಯಬೇಕು?

'ಎಸ್‌ಎಸ್ ಶೀಟ್' ಎಂದಷ್ಟೇ ಬರೆದರೆ ಏನು ಬಂದರೂ ಕೇಳುವ ಹಕ್ಕಿಲ್ಲ. ಗ್ರೇಡ್ ಮತ್ತು ಅದರ ಮಾನದಂಡ, ಉದಾಹರಣೆಗೆ ಎಎಸ್‌ಟಿಎಂ ಎ240 ಪ್ರಕಾರ 304/304ಎಲ್ ಜೋಡಿ ಸರ್ಟಿಫಿಕೇಟ್. ಅಳತೆ, ದಪ್ಪ, ಎಷ್ಟು ಕಮ್ಮಿ ದಪ್ಪ ಒಪ್ಪುತ್ತೀರಿ ಎಂಬ ಮಿತಿ. ಫಿನಿಶ್, ಬೇಕಾದರೆ ಆರ್‌ಎ ಸಂಖ್ಯೆ. ಇಎನ್ 10204ರ 3.1 ಬಗೆಯ ಟೆಸ್ಟ್ ಸರ್ಟಿಫಿಕೇಟ್, ಅದರಲ್ಲಿನ ಹೀಟ್ ನಂಬರ್ (ಉಕ್ಕು ಕರಗಿಸಿದ ಸರದಿಯ ಗುರುತು ಸಂಖ್ಯೆ) ಶೀಟಿನ ಮೇಲಿನ ಮುದ್ರೆಗೆ ತಾಳೆಯಾಗಬೇಕು. ಇಳಿಸಿಕೊಳ್ಳುವ ಜಾಗದಲ್ಲೇ ಎಕ್ಸ್‌ಆರ್‌ಎಫ್ ಪರೀಕ್ಷೆ, ತಾಳೆಯಾಗದಿದ್ದರೆ ಸಾಗಣೆ ಖರ್ಚು ಮಾರಿದವರದ್ದು ಎಂಬ ಸಾಲು. ಫ್ಯಾಬ್ರಿಕೇಶನ್ ಕೂಡ ಅದೇ ಆದೇಶದಲ್ಲಿದ್ದರೆ ವೆಲ್ಡಿಂಗ್ ನಂತರದ ಶುದ್ಧೀಕರಣಕ್ಕೆ ಎಎಸ್‌ಟಿಎಂ ಎ380 ಎಂದು ಸೇರಿಸಿ. ಅದನ್ನು ಬರೆಯದಿದ್ದರೆ ಪಿಕ್ಲಿಂಗ್ ಯಾರ ಖರ್ಚು ಎಂಬ ವಾದ ಕೊನೆಯ ಬಿಲ್ಲಿನ ಹೊತ್ತಿಗೆ ಶುರುವಾಗುತ್ತದೆ.